ಅಮೆರಿಕದ ಬಜೆಟ್, ಶಟ್‌ಡೌನ್, ಸಾಲದ ಮಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ಜಿಲ್ಲಾ ಖಜಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನನ್ನ ಸೋದರಮಾವ ಅದನ್ನು ಕೇಳುವ ಬಗೆ ಹೀಗೆ: ‘ಏನಪ್ಪಾ, ನಿಮ್ಮ ಸರ್ಕಾರಕ್ಕೆ ಈ ವರ್ಷವೂ ಬೀಗ ಬೀಳುತ್ತಂತೆ?’ ಅವರಿಗೂ ಅವರಂತೆ ಕೇಳಿದ ಹಲವರಿಗೂ ಆಗಾಗ ಕೊಟ್ಟ ಉತ್ತರಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಟ್ರಿಲಿಯನ್, ಬಿಲಿಯನ್‌ಗಳ ಗೊಂದಲ ಬೇಡವೆಂದು ಅಂಕಿಗಳನ್ನೆಲ್ಲ ನಮ್ಮ ಕೋಟಿ ಲೆಕ್ಕಕ್ಕೆ ತಂದಿದ್ದೇನೆ. ಒಂದು ಟ್ರಿಲಿಯನ್ ಎಂದರೆ ಒಂದು ಲಕ್ಷ ಕೋಟಿ.

ಸರ್ಕಾರಕ್ಕೆ ‘ಬೀಗ ಬೀಳುವುದು’ ಎಂದರೆ ನಿಜವಾಗಿ ಏನು?

ಕಾನೂನಿನ ಮೂಲಕ ಮಂಜೂರಾಗದ ಒಂದು ಡಾಲರನ್ನೂ ಖಜಾನೆಯಿಂದ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನದ ಮೊದಲ ವಿಧಿಯೇ ಹೇಳುತ್ತದೆ. ಹಣಕಾಸು ವರ್ಷ ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಅಷ್ಟರೊಳಗೆ ಹೊಸ ವರ್ಷದ ಧನವಿನಿಯೋಗ ಮಸೂದೆಗಳಿಗೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಪ್ಪಿಗೆ ಕೊಡದಿದ್ದರೆ, ಹಳೆಯ ಮಟ್ಟದಲ್ಲೇ ಖರ್ಚು ಮುಂದುವರಿಸಲು ತಾತ್ಕಾಲಿಕ ನಿರ್ಣಯವನ್ನೂ ಮಾಡದಿದ್ದರೆ, ಆ ಮಸೂದೆಗಳನ್ನು ನೆಚ್ಚಿಕೊಂಡ ಇಲಾಖೆಗಳು ಕೆಲಸ ನಿಲ್ಲಿಸಬೇಕಾಗುತ್ತದೆ. ಇದೇ ಶಟ್‌ಡೌನ್.

ಈ ಕಟ್ಟುನಿಟ್ಟು ಬಹಳ ಹಳೆಯದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲಾಖೆಗಳು ವರ್ಷಕ್ಕೆ ಕೊಟ್ಟ ಹಣವನ್ನು ಕೆಲವೇ ತಿಂಗಳಲ್ಲಿ ಮುಗಿಸಿ, ಗುತ್ತಿಗೆದಾರರಿಗೆ ಮಾತು ಕೊಟ್ಟಾಗಿದೆ, ಇನ್ನಷ್ಟು ಕೊಡಿ ಎಂದು ಕಾಂಗ್ರೆಸ್‌ನ ಮುಂದೆ ನಿಲ್ಲುತ್ತಿದ್ದವು. ಆ ಚಾಳಿಯನ್ನು ತಡೆಯಲು 1884ರಲ್ಲಿ ಒಂದು ಕಾಯ್ದೆ ಬಂತು. ಆದರೂ ಮುಂದೆ ಸುಮಾರು ನೂರು ವರ್ಷಗಳ ಕಾಲ, ಮಂಜೂರಾತಿ ನಾಲ್ಕು ದಿನ ತಡವಾದರೆ ಯಾರೂ ಕಚೇರಿಗೆ ಬೀಗ ಹಾಕುತ್ತಿರಲಿಲ್ಲ. ಇವತ್ತಲ್ಲ ನಾಳೆ ಹಣ ಬಂದೀತೆಂದು ಕೆಲಸ ನಡೆಯುತ್ತಲೇ ಇತ್ತು. 1980ರಲ್ಲಿ ಜಿಮ್ಮಿ ಕಾರ್ಟರ್ ಸರ್ಕಾರದ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಆ ಕಾಯ್ದೆಯನ್ನು ಅಕ್ಷರಶಃ ಓದಿ, ಮಂಜೂರಾತಿ ಇಲ್ಲದೆ ಕೆಲಸ ಮಾಡಿಸುವುದೇ ಅಪರಾಧ ಎಂಬ ಅಭಿಪ್ರಾಯ ಕೊಟ್ಟರು. ಮರುವರ್ಷ ಅವರೇ ಜೀವ ಮತ್ತು ಆಸ್ತಿಯ ರಕ್ಷಣೆಗೆ ಬೇಕಾದ ಕೆಲಸಗಳಿಗೆ ವಿನಾಯಿತಿ ನೀಡಿದರು. ಯೋಧರು, ವಿಮಾನ ಸಂಚಾರ ನಿಯಂತ್ರಕರು, ಗಡಿ ಕಾವಲಿನವರು ಸಂಬಳವಿಲ್ಲದೆಯೂ ಕೆಲಸಕ್ಕೆ ಬರಬೇಕು, ಉದ್ಯಾನಗಳ ಕಾವಲುಗಾರರು ಮನೆಯಲ್ಲಿರಬೇಕು ಎಂಬ ಇಂದಿನ ವಿಚಿತ್ರ ವಿಂಗಡಣೆ ಹುಟ್ಟಿದ್ದು ಹೀಗೆ. ಒಬ್ಬ ವಕೀಲರ ಟಿಪ್ಪಣಿ ಒಂದು ದೇಶದ ರಾಜಕೀಯದ ಚಾಳಿಯನ್ನೇ ಬದಲಿಸಿದ ಇಂಥ ಉದಾಹರಣೆ ನನಗೆ ಬೇರೆ ಕಂಡಿಲ್ಲ.

2025ರವರೆಗಿನ ದೊಡ್ಡ ಶಟ್‌ಡೌನ್‌ಗಳು ಯಾವುವು, ಅವುಗಳಿಂದ ಯಾರಿಗೆ ಏನು ದಕ್ಕಿತು?

1995–96ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ಕೆಳಮನೆಯ ರಿಪಬ್ಲಿಕನ್ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ನಡುವೆ ಎರಡು ಬಾರಿ, ಎರಡನೆಯದು 21 ದಿನ. 2013ರಲ್ಲಿ ಒಬಾಮಾ ಅವರ ಆರೋಗ್ಯ ವಿಮೆ ಕಾಯ್ದೆಯ ವಿರುದ್ಧ 16 ದಿನ. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಮೆಕ್ಸಿಕೋ ಗಡಿಯ ಗೋಡೆಗಾಗಿ 35 ದಿನ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಅದೇ ಆರೋಗ್ಯ ವಿಮೆಯ ಕಂತಿಗೆ ಕೊಡುತ್ತಿದ್ದ ಹೆಚ್ಚುವರಿ ಸಹಾಯಧನದ ಅವಧಿ ಮುಗಿಯುವ ವಿಷಯವಾಗಿ 43 ದಿನ.

ದಕ್ಕಿದ್ದೇನು ಎಂದು ನೋಡಿದರೆ, ಪಟ್ಟು ಹಿಡಿದವರಿಗೆ ಹೆಚ್ಚಾಗಿ ಬರಿಗೈ. ಗೋಡೆಗೆಂದು ಟ್ರಂಪ್ ಕೇಳಿದ್ದು 570 ಕೋಟಿ ಡಾಲರ್. 35 ದಿನಗಳ ನಂತರ ಕಾಂಗ್ರೆಸ್ ಕೊಟ್ಟಿದ್ದು 137.5 ಕೋಟಿ. ಆ ಶಟ್‌ಡೌನ್‌ನಿಂದ ಆರ್ಥಿಕತೆಗಾದ ನಷ್ಟ 1,100 ಕೋಟಿ ಡಾಲರ್, ಅದರಲ್ಲಿ 300 ಕೋಟಿ ಎಂದೂ ಮರಳಿ ಬಾರದ್ದು ಎಂದು ಕಾಂಗ್ರೆಸ್‌ನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಅದು ಮುಗಿದ ರೀತಿಯೂ ಹೇಳುವಂಥದ್ದು. ಸುಮಾರು 8 ಲಕ್ಷ ನೌಕರರು ಎರಡನೆಯ ಬಾರಿಗೆ ಸಂಬಳವಿಲ್ಲದ ಪೇ ಸ್ಲಿಪ್ ನೋಡಿದ ದಿನ, ಅಂದರೆ ಜನವರಿ 25ರ ಬೆಳಿಗ್ಗೆ, ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ ನ್ಯೂಯಾರ್ಕ್‌ನ ಲಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಯಬೇಕಾಯಿತು. ಐದು ವಾರ ಭಾಷಣಗಳಿಂದ ಆಗದಿದ್ದದ್ದು ಆ ಸಂಜೆಯೊಳಗೆ ಆಯಿತು; ಸರ್ಕಾರ ತೆರೆಯಿತು. 2025ರಲ್ಲೂ ನಡೆದದ್ದು ಬಹುತೇಕ ಇದೇ: ಸುಮಾರು 4.2 ಕೋಟಿ ಜನರ ಆಹಾರ ನೆರವು ನವೆಂಬರ್‌ನಲ್ಲಿ ತಡವಾಯಿತು, 40 ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತದ ಆದೇಶ ಬಂತು, ಅದಾದ ಮೇಲೆಯೇ ಕೆಲವು ಡೆಮಾಕ್ರಟಿಕ್ ಸೆನೆಟರ್‌ಗಳು ಪಟ್ಟು ಸಡಿಲಿಸಿದರು.

ಭಾರತದಲ್ಲಿ ಹೀಗೇಕೆ ಆಗುವುದಿಲ್ಲ?

ನಮ್ಮಲ್ಲಿ ಬಜೆಟ್ ಮಂಡಿಸುವವರೂ ಸದನದಲ್ಲಿ ಬಹುಮತ ಉಳ್ಳವರೂ ಒಬ್ಬರೇ. ವಿಧಾನಸೌಧದಲ್ಲಿ ಧನವಿನಿಯೋಗ ಮಸೂದೆ ಬಿದ್ದುಹೋದರೆ ಬಿದ್ದದ್ದು ಸರ್ಕಾರವೇ, ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕು. ಬಜೆಟ್ ಸಿದ್ಧವಾಗದಿದ್ದರೆ ಲೇಖಾನುದಾನ ಪಡೆದು ಮೂರು ನಾಲ್ಕು ತಿಂಗಳು ಸಾಗಿಸಬಹುದು. ಅಮೆರಿಕದಲ್ಲಿ ಅಧ್ಯಕ್ಷರನ್ನೂ ಎರಡು ಸದನಗಳನ್ನೂ ಜನ ಬೇರೆಬೇರೆಯಾಗಿ ಆರಿಸುತ್ತಾರೆ. ಒಬ್ಬರು ಇನ್ನೊಬ್ಬರನ್ನು ಮನೆಗೆ ಕಳಿಸಲಾರರು, ಚುನಾವಣೆಯ ದಿನಾಂಕವೂ ಅಲುಗದು. ಹಟ ಹಿಡಿದ ಇಬ್ಬರ ನಡುವೆ ತೀರ್ಪು ಹೇಳುವ ಮೂರನೆಯವರಿಲ್ಲ.

ಅಧ್ಯಕ್ಷರು ಬಜೆಟ್ ಕಳಿಸುತ್ತಾರಲ್ಲ, ಅದಕ್ಕೆ ಬೆಲೆ ಇಲ್ಲವೇ?

ಅದು ಕೋರಿಕೆಯ ಪಟ್ಟಿ. ಫೆಬ್ರವರಿಯ ಮೊದಲ ಸೋಮವಾರ ಕಳಿಸಬೇಕೆಂಬ ನಿಯಮವಿದೆ, ಆ ದಿನಾಂಕ ತಪ್ಪುವುದು ವಾಡಿಕೆಯೇ ಆಗಿದೆ. ಕಾಂಗ್ರೆಸ್ ಅದನ್ನು ಓದಬಹುದು, ಓದದೆ ಬದಿಗಿಡಲೂಬಹುದು. ಹಣ ಬಿಡುಗಡೆಯಾಗುವುದು 12 ಪ್ರತ್ಯೇಕ ಮಸೂದೆಗಳಿಂದ. 1974ರ ಬಜೆಟ್ ಕಾಯ್ದೆಯ ನಂತರ ಈ ಮಸೂದೆಗಳೆಲ್ಲವೂ ಅಕ್ಟೋಬರ್ 1ರೊಳಗೆ ಮುಗಿದದ್ದು ನಾಲ್ಕೇ ಬಾರಿ, ಕೊನೆಯದು 1996ರಲ್ಲಿ. ಅಂದಿನಿಂದ ತಾತ್ಕಾಲಿಕ ನಿರ್ಣಯಗಳ ಮೇಲೆ ತಾತ್ಕಾಲಿಕ ನಿರ್ಣಯ, ಕೊನೆಗೆ ಕ್ರಿಸ್‌ಮಸ್ ಹೊತ್ತಿಗೋ ಮಾರ್ಚ್ ಹೊತ್ತಿಗೋ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ ಸಾವಿರಾರು ಪುಟಗಳ ಮಸೂದೆ. ಇದನ್ನು ಕೇಳಿದ ಮಾವ ಮಾರ್ಚ್ 31ರ ರಾತ್ರಿಗಳನ್ನು ನೆನೆದು ನಕ್ಕರು: ಖಜಾನೆಯ ಕೌಂಟರಿನ ಮೇಲೆ ಎದೆಯೆತ್ತರ ಬಿಲ್ಲುಗಳ ಕಟ್ಟು, ಪ್ರತಿಯೊಂದರ ಮೇಲೂ ‘ತುರ್ತು’ ಎಂಬ ಕೆಂಪು ಶಾಯಿ. ‘ನಮ್ಮದು ಒಂದು ರಾತ್ರಿ ಕಣಪ್ಪಾ, ಅವರದ್ದು ಆರು ತಿಂಗಳು’ ಎಂದರು.

ಅಷ್ಟೊಂದು ಹಣ ಹೋಗುವುದಾದರೂ ಎಲ್ಲಿಗೆ?

ಉಳಿದ ಪ್ರಶ್ನೆಗಳಿಗೆಲ್ಲ ಕೀಲಿಕೈ ಈ ಉತ್ತರದಲ್ಲಿದೆ ಎಂಬುದು ನನ್ನ ಅಭಿಪ್ರಾಯ. 2024ರ ಹಣಕಾಸು ವರ್ಷದಲ್ಲಿ ಕೇಂದ್ರ ಸರ್ಕಾರದ ಖರ್ಚು ಸುಮಾರು 6.75 ಲಕ್ಷ ಕೋಟಿ ಡಾಲರ್, ವರಮಾನ 4.92 ಲಕ್ಷ ಕೋಟಿ, ಕೊರತೆ 1.83 ಲಕ್ಷ ಕೋಟಿ. ವೃದ್ಧಾಪ್ಯ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿಗೆ ಸುಮಾರು 1.45 ಲಕ್ಷ ಕೋಟಿ. ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್, ಬಡವರ ಮೆಡಿಕೇಡ್, ಸಾಲದ ಬಡ್ಡಿ, ಸೈನ್ಯ ಇವು ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ. ಬಡ್ಡಿಗೆ ಹೋದದ್ದು ಸುಮಾರು 88,000 ಕೋಟಿ ಡಾಲರ್. ಅದು ಆ ವರ್ಷ ಸೈನ್ಯದ ಖರ್ಚನ್ನೂ ಮೀರಿತು.

ಇದರಲ್ಲಿ ಕಾಂಗ್ರೆಸ್ ವರ್ಷವರ್ಷವೂ ಮತ ಹಾಕಿ ಕೊಡುವ ಭಾಗ ಕಾಲು ಪಾಲಿಗಿಂತ ತುಸು ಹೆಚ್ಚು, ಸುಮಾರು 1.8 ಲಕ್ಷ ಕೋಟಿ ಡಾಲರ್. ಅದರಲ್ಲೂ ಅರ್ಧದಷ್ಟು ಸೈನ್ಯಕ್ಕೆ. ಉಳಿದ ಮುಕ್ಕಾಲು ಪಾಲು, ಅಂದರೆ ಪಿಂಚಣಿ, ಆರೋಗ್ಯ ವಿಮೆ, ಬಡ್ಡಿ ಇತ್ಯಾದಿ, ಹಿಂದೆಂದೋ ಆದ ಕಾನೂನುಗಳ ಪ್ರಕಾರ ತಾನಾಗಿ ಹರಿಯುತ್ತದೆ. ಅದರ ಬಹುಭಾಗಕ್ಕೆ ವಾರ್ಷಿಕ ಮತವಿಲ್ಲ, ಹಾಗಾಗಿ ಶಟ್‌ಡೌನ್ ಆ ಭಾಗವನ್ನು ಮುಟ್ಟುವುದೂ ಇಲ್ಲ. ದೂರದರ್ಶನದಲ್ಲಿ ಕಾಣುವ ಜಗಳವೆಲ್ಲ ಆ ಕಾಲು ಪಾಲಿನ ಮೇಲೆ. ವಿದೇಶಿ ನೆರವನ್ನು ನಿಲ್ಲಿಸಿದರೆ ಸಾಲ ತೀರುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಅದು ಒಟ್ಟು ಖರ್ಚಿನ ಶೇಕಡಾ ಒಂದರ ಆಸುಪಾಸಿನಲ್ಲಿತ್ತು. 2024ರ ಅಕ್ಟೋಬರ್‌ನ ಒಂದು ಪ್ರಚಾರ ಸಭೆಯಲ್ಲಿ ಎಲಾನ್ ಮಸ್ಕ್ ಕನಿಷ್ಠ 2 ಲಕ್ಷ ಕೋಟಿ ಡಾಲರ್ ಕಡಿತ ಮಾಡಿಸುವುದಾಗಿ ಹೇಳಿದರು. ವರ್ಷವರ್ಷ ಮಂಜೂರಾಗುವ ಹಣವನ್ನು ಸೈನ್ಯದ ಸಮೇತ ಪೂರ್ತಿ ಅಳಿಸಿದರೂ ಅಷ್ಟು ಮೊತ್ತ ಆಗುತ್ತಿರಲಿಲ್ಲ. ಪಿಂಚಣಿಯನ್ನೂ ಮೆಡಿಕೇರನ್ನೂ ಮುಟ್ಟುವುದಿಲ್ಲ, ತೆರಿಗೆಯನ್ನೂ ಏರಿಸುವುದಿಲ್ಲ, ಆದರೂ ಬಜೆಟ್ ಸರಿದೂಗಿಸುತ್ತೇನೆ ಎನ್ನುವ ಯಾವ ಪಕ್ಷದ ಮಾತನ್ನೂ ಈ ಲೆಕ್ಕದ ಎದುರು ಇಟ್ಟು ನೋಡಬೇಕು.

ನನ್ನ ಮಗಳು ಅಲ್ಲಿ ಎಚ್-1ಬಿ ವೀಸಾದಲ್ಲಿದ್ದಾಳೆ. ಅವಳ ಸಂಬಳದಿಂದ ಪಿಂಚಣಿಗೂ ಕತ್ತರಿಸುತ್ತಾರಂತೆ, ಅದು ವಾಪಸು ಬರುತ್ತದೆಯೇ?

ಪೇ ಸ್ಲಿಪ್ಪಿನಲ್ಲಿ ಆದಾಯ ತೆರಿಗೆಯ ಕೆಳಗೆ ಎರಡು ಸಣ್ಣ ಸಾಲುಗಳಿರುತ್ತವೆ: ಸೋಷಿಯಲ್ ಸೆಕ್ಯುರಿಟಿಗೆ ಶೇ. 6.2, ಮೆಡಿಕೇರ್‌ಗೆ ಶೇ. 1.45. ಕಂಪನಿಯೂ ಅಷ್ಟೇ ಮೊತ್ತ ತೆರುತ್ತದೆ. 2025ರಲ್ಲಿ ವರ್ಷದ 1,76,100 ಡಾಲರ್ ಸಂಬಳದವರೆಗೆ ಮಾತ್ರ ಮೊದಲನೆಯ ಸಾಲು ಅನ್ವಯಿಸುತ್ತಿತ್ತು. ಅದಕ್ಕಿಂತ ಎಷ್ಟೇ ಹೆಚ್ಚು ದುಡಿದರೂ ಆ ಕತ್ತರಿ ಮುಂದಕ್ಕೆ ಹೋಗದು. ಹೀಗೆ ಕೊಟ್ಟ ಹಣ ಮಗಳ ಹೆಸರಿನ ಖಾತೆಯಲ್ಲಿ ಕೂಡಿಡುವುದಿಲ್ಲ, ಇಂದಿನ ಹಿರಿಯರ ಪಿಂಚಣಿಗೆ ಹೋಗುತ್ತದೆ. ಪಿಂಚಣಿಗೆ ಅರ್ಹತೆ ಬರಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುತ್ತದೆ, ಅಂದರೆ ಹತ್ತು ವರ್ಷದ ದುಡಿಮೆ. ಹಲವು ದೇಶಗಳ ಜೊತೆ ಅಮೆರಿಕಕ್ಕೆ ಇಂಥ ಸೇವಾವಧಿಯನ್ನು ಪರಸ್ಪರ ಲೆಕ್ಕಕ್ಕೆ ಹಿಡಿಯುವ ಒಪ್ಪಂದವಿದೆ, ಭಾರತದ ಜೊತೆ ಇಲ್ಲ. ಆದ್ದರಿಂದ ಎಂಟೊಂಬತ್ತು ವರ್ಷ ದುಡಿದು ಬೆಂಗಳೂರಿಗೆ ಮರಳಿದ ಎಂಜಿನಿಯರ್ ಕಟ್ಟಿದ ಹಣ ಅಮೆರಿಕದ ಅಜ್ಜ ಅಜ್ಜಿಯರಿಗೆ ಸಂದ ಕಾಣಿಕೆಯೇ ಸರಿ. ಭಾರತ ಸರ್ಕಾರ ಬಹಳ ವರ್ಷಗಳಿಂದ ಈ ಒಪ್ಪಂದ ಕೇಳುತ್ತಿದೆ.

ಇನ್ನೊಂದು ಸಂಗತಿ: ದುಡಿಯುವವರಿಗಿಂತ ವೃದ್ಧರ ಸಂಖ್ಯೆ ವೇಗವಾಗಿ ಏರುತ್ತಿರುವುದರಿಂದ ಈ ಪಿಂಚಣಿ ನಿಧಿಯ ಮೀಸಲು 2033ರಲ್ಲಿ ಬರಿದಾಗುತ್ತದೆ ಎಂದು ಅದರ ಟ್ರಸ್ಟಿಗಳ 2025ರ ವರದಿ ಹೇಳುತ್ತದೆ. ಅಂದು ಪಿಂಚಣಿ ನಿಂತೇ ಹೋಗುವುದಿಲ್ಲ. ಬರುವ ತೆರಿಗೆಯಿಂದ ಸುಮಾರು ಶೇ. 77ರಷ್ಟನ್ನು ಕೊಡಬಹುದು. ಹಾಗಾಗದಂತೆ ತಡೆಯಲು ತೆರಿಗೆ ಏರಿಸಬೇಕು ಇಲ್ಲವೇ ಸೌಲಭ್ಯ ತಗ್ಗಿಸಬೇಕು. 1983ರಲ್ಲಿ ರೇಗನ್ ಕಾಲದಲ್ಲಿ ಎರಡೂ ಪಕ್ಷ ಕೂಡಿ ಎರಡನ್ನೂ ಮಾಡಿದ್ದವು. ಈಗಿನವರು ಆ ಹೆಸರೆತ್ತಲೂ ಅಂಜುತ್ತಾರೆ.

ಶಟ್‌ಡೌನ್ ಆದರೆ ವೀಸಾ ಕೆಲಸ ನಿಲ್ಲುತ್ತದೆಯೇ?

ಪೌರತ್ವ ಮತ್ತು ವಲಸೆ ಸೇವೆಯ ಇಲಾಖೆ ಹೆಚ್ಚಾಗಿ ಅರ್ಜಿದಾರರ ಶುಲ್ಕದಿಂದಲೇ ನಡೆಯುವುದರಿಂದ ಅದು ತೆರೆದಿರುತ್ತದೆ. ದೂತಾವಾಸಗಳ ವೀಸಾ ಸಂದರ್ಶನಗಳೂ ಸಾಮಾನ್ಯವಾಗಿ ನಡೆಯುತ್ತವೆ. ಪೆಟ್ಟು ಬೀಳುವುದು ಕಾರ್ಮಿಕ ಇಲಾಖೆಯಲ್ಲಿ. ಎಚ್-1ಬಿ ಅರ್ಜಿಗೆ ಮೊದಲು ಆ ಇಲಾಖೆಯಿಂದ ವೇತನದ ಬಗ್ಗೆ ಪ್ರಮಾಣೀಕರಣ ಪಡೆಯಬೇಕು, ಅದಕ್ಕೆ ಹಣ ಬರುವುದು ವಾರ್ಷಿಕ ಮಂಜೂರಾತಿಯಿಂದ. 2025ರ ಅಕ್ಟೋಬರ್‌ನಲ್ಲಿ ಅದರ ಆನ್‌ಲೈನ್ ವ್ಯವಸ್ಥೆಯೇ ಹೆಚ್ಚುಕಡಿಮೆ ಇಡೀ ತಿಂಗಳು ಮುಚ್ಚಿತ್ತು. ಕಂಪನಿ ಬದಲಿಸಲು ಹೊರಟವರು ನಡುನೀರಿನಲ್ಲಿ ನಿಂತರು.

ಸಾಲದ ಮಿತಿಯೂ ಶಟ್‌ಡೌನೂ ಒಂದೆಯೇ?

ಅಲ್ಲ, ಮತ್ತು ಎರಡರಲ್ಲಿ ಹೆಚ್ಚು ಅಪಾಯದ್ದು ಸಾಲದ ಮಿತಿ. ಅಂಗಡಿಯಿಂದ ಉದ್ದರಿ ಸಾಮಾನು ತಂದು, ಅಡುಗೆ ಮಾಡಿ, ಉಂಡು ಕೈ ತೊಳೆದ ಮೇಲೆ ಶೆಟ್ಟರ ಬಾಕಿ ತೀರಿಸಲು ಮನೆಯವರೆಲ್ಲ ಮತ ಹಾಕಬೇಕು ಎಂದು ನಿಯಮ ಮಾಡಿಕೊಂಡಂತೆ ಇದು. ಖರ್ಚನ್ನೂ ತೆರಿಗೆಯನ್ನೂ ನಿಗದಿ ಮಾಡಿದ ಕಾಂಗ್ರೆಸ್ಸೇ, ಅವೆರಡರ ವ್ಯತ್ಯಾಸಕ್ಕೆ ಬೇಕಾದ ಸಾಲಕ್ಕೆ ಮತ್ತೆ ಪ್ರತ್ಯೇಕ ಒಪ್ಪಿಗೆ ಕೊಡಬೇಕು. ಇದರ ಬೇರು ಮೊದಲ ಮಹಾಯುದ್ಧದ ಕಾಲದ 1917ರ ಬಾಂಡ್ ಕಾಯ್ದೆಯಲ್ಲಿದೆ. ಅಂದು ಪ್ರತಿ ಬಾಂಡಿಗೂ ಕಾಂಗ್ರೆಸ್‌ನ ಅನುಮತಿ ಕೇಳುವ ತೊಂದರೆ ತಪ್ಪಲೆಂದು ಖಜಾನೆಗೆ ಕೊಟ್ಟ ಸಡಿಲಿಕೆ ಅದು. ಇಂದು ಅದೇ ಕೊರಳ ಕುಣಿಕೆಯಾಗಿದೆ.

ಮಿತಿ ಮುಟ್ಟಿದರೆ ಖಜಾನೆ ಕೆಲವು ತಿಂಗಳು ಒಳಲೆಕ್ಕಗಳನ್ನು ಹೊಂದಿಸಿಕೊಂಡು ತಳ್ಳುತ್ತದೆ. ಅದೂ ಮುಗಿದರೆ ಬಡ್ಡಿಯನ್ನೋ ಪಿಂಚಣಿಯನ್ನೋ ತಪ್ಪಿಸಲೇಬೇಕು, ಅಂದರೆ ಜಗತ್ತಿನ ಅತಿ ಭದ್ರವೆನಿಸಿದ ಸಾಲಪತ್ರ ಸುಸ್ತಿಯಾಗುತ್ತದೆ. 2011ರಲ್ಲಿ ಅಂಚಿನವರೆಗೆ ಹೋಗಿ ಹಿಂತಿರುಗಿದ ಕೆಲವೇ ದಿನಗಳಲ್ಲಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಅತ್ಯುನ್ನತ ರೇಟಿಂಗನ್ನು ಒಂದು ಮೆಟ್ಟಿಲು ಇಳಿಸಿತು. 2023ರಲ್ಲಿ ಫಿಚ್, 2025ರ ಮೇ ತಿಂಗಳಲ್ಲಿ ಮೂಡೀಸ್ ಅದೇ ದಾರಿ ಹಿಡಿದವು. ಸದ್ಯದ ಮಿತಿ 41.1 ಲಕ್ಷ ಕೋಟಿ ಡಾಲರ್, 2025ರ ಜುಲೈನಲ್ಲಿ ಒಮ್ಮೆಲೇ 5 ಲಕ್ಷ ಕೋಟಿ ಏರಿಸಿದ ಮೇಲಿನದು. ಅಧ್ಯಕ್ಷ ತಮ್ಮ ಪಕ್ಷದವರಾಗಿದ್ದರೆ ಮಿತಿ ಏರಿಸುವುದು ಜವಾಬ್ದಾರಿ, ಎದುರು ಪಕ್ಷದವರಾಗಿದ್ದರೆ ಅದು ದುಂದುಗಾರಿಕೆ ಎನ್ನುವುದು ಎರಡೂ ಕಡೆಯ ಹಳೆಯ ರೂಢಿ.

ಆ ಸಾಲವೆಲ್ಲ ಚೀನಾಕ್ಕೆ ತಾನೇ?

ಇಲ್ಲ. ಒಟ್ಟು ಸಾಲ 2025ರ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ ಡಾಲರ್ ದಾಟಿತು. ಅದರ ಬಹುಪಾಲು ಅಮೆರಿಕದವರಿಗೇ ಕೊಡಬೇಕಾದದ್ದು: ಪಿಂಚಣಿ ನಿಧಿಗಳು, ಬ್ಯಾಂಕುಗಳು, ಕೇಂದ್ರೀಯ ಬ್ಯಾಂಕ್, ಸರ್ಕಾರದ್ದೇ ಟ್ರಸ್ಟ್ ನಿಧಿಗಳು. ವಿದೇಶಗಳ ಪೈಕಿ 1 ಲಕ್ಷ ಕೋಟಿಗೂ ಮಿಕ್ಕಿ ಹಿಡಿದಿರುವ ಜಪಾನ್ ಮೊದಲನೆಯದು. ಚೀನಾ ತನ್ನ ಪಾಲನ್ನು ಹತ್ತು ವರ್ಷಗಳಿಂದ ಇಳಿಸುತ್ತ ಬಂದಿದೆ.

ಸೆನೆಟ್‌ನಲ್ಲಿ ಬಹುಮತವಿದ್ದರೂ ಮಸೂದೆ ಏಕೆ ಪಾಸಾಗುವುದಿಲ್ಲ?

ನೂರು ಜನರ ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಚರ್ಚೆಯನ್ನು ಎಳೆದು ಮತದಾನ ತಡೆಯುವ ಈ ಪದ್ಧತಿಗೆ ಫಿಲಿಬಸ್ಟರ್ ಎನ್ನುತ್ತಾರೆ. ಇದರಿಂದ ತಪ್ಪಿಸಿಕೊಳ್ಳುವ ಬಾಗಿಲು ‘ರಿಕನ್ಸಿಲಿಯೇಷನ್’. 1974ರ ಕಾಯ್ದೆ ಇದನ್ನು ಕೊರತೆಯ ಲೆಕ್ಕ ಸರಿಪಡಿಸಲೆಂದು ಮಾಡಿತ್ತು. ತೆರಿಗೆ ಮತ್ತು ಖರ್ಚಿಗೆ ಸಂಬಂಧಿಸಿದ್ದನ್ನು ಸರಳ ಬಹುಮತದಿಂದ ಮುಗಿಸಬಹುದು. ಇಂದು ಅದೇ ಬಾಗಿಲಿನಿಂದ ಕೊರತೆ ಹೆಚ್ಚಿಸುವ ಮಸೂದೆಗಳೂ ಬರುತ್ತವೆ: 2001, 2003 ಮತ್ತು 2017ರ ತೆರಿಗೆ ಕಡಿತ, 2021ರ ಬೈಡನ್ ಕೋವಿಡ್ ಪರಿಹಾರ, 2025ರ ಟ್ರಂಪ್ ಮಸೂದೆ. ಲೆಕ್ಕಕ್ಕೆ ಸಂಬಂಧವಿಲ್ಲದ ಅಂಶ ನುಸುಳದಂತೆ ನೋಡುವವರು ಪಾರ್ಲಿಮೆಂಟೇರಿಯನ್ ಎಂಬ ಅಧಿಕಾರಿ. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ವೇತನದ ಪ್ರಸ್ತಾಪ ಹೊರಬಿದ್ದದ್ದು ಅವರ ತೀರ್ಮಾನದಿಂದಲೇ.

2025ರ ಜೂನ್ ಕೊನೆಯ ವಾರಾಂತ್ಯದ ಒಂದು ದೃಶ್ಯ ಹೇಳಬೇಕು. ಮಸೂದೆ ಸುಮಾರು 940 ಪುಟ. ಅದನ್ನು ಪೂರ್ತಿ ಓದಿಯೇ ಮುಂದುವರಿಯಬೇಕೆಂದು ಡೆಮಾಕ್ರಟಿಕ್ ನಾಯಕ ಚಕ್ ಶೂಮರ್ ಪಟ್ಟು ಹಿಡಿದರು. ಗುಮಾಸ್ತರು ಸರದಿಯ ಮೇಲೆ ನಿಂತು, ಹೆಚ್ಚುಕಡಿಮೆ ಖಾಲಿಯಾದ ಸದನದಲ್ಲಿ, ರಾತ್ರಿಯಿಡೀ ಸುಮಾರು 16 ಗಂಟೆ ಉಪಕಲಮುಗಳನ್ನು ಓದಿದರು. ಕೊನೆಗೆ 50–50 ಸಮವಾಗಿ ಉಪಾಧ್ಯಕ್ಷ ಜೆ.ಡಿ. ವಾನ್ಸ್ ಅವರ ಮತದಿಂದ ಪಾಸಾಯಿತು. ಶೂಮರ್ ಅವರ ಆಕ್ಷೇಪದಿಂದ ‘ಒಂದು ದೊಡ್ಡ ಸುಂದರ ಮಸೂದೆ’ ಎಂಬ ಹೆಸರು ಮಾತ್ರ ಕಾನೂನಿನ ಪಠ್ಯದಿಂದ ಬಿದ್ದುಹೋಯಿತು. ಹತ್ತು ವರ್ಷಗಳಲ್ಲಿ ಅದು ಕೊರತೆಗೆ 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆ ಎಂಬುದು ಬಜೆಟ್ ಕಚೇರಿಯ ಅಂದಾಜು.

ಊರಿಗೆ ಹಣ ಕಳಿಸಿದರೂ ತೆರಿಗೆಯಂತೆ?

ಅದೂ ಇದೇ ಮಸೂದೆಯಲ್ಲಿತ್ತು. ಪೌರರಲ್ಲದವರು ಕಳಿಸುವ ಹಣದ ಮೇಲೆ ಶೇ. 5 ಎಂದು ಮೊದಲ ಕರಡು ಹೇಳಿತು, ಆಮೇಲೆ ಶೇ. 3.5 ಆಯಿತು, ಕೊನೆಗೆ ಉಳಿದದ್ದು ಶೇ. 1, ಅದೂ 2026ರ ಜನವರಿಯಿಂದ ನಗದು, ಮನಿ ಆರ್ಡರ್ ಮುಂತಾದ ರೂಪದಲ್ಲಿ ಕಳಿಸಿದರೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆಯಿಂದ ಕಳಿಸುವವರಿಗೆ ಇದು ತಗಲುವುದಿಲ್ಲ.

ಮಂಜೂರಾದ ಹಣವನ್ನು ಅಧ್ಯಕ್ಷರು ಖರ್ಚು ಮಾಡದೆ ತಡೆಹಿಡಿಯಬಹುದೇ?

ನಿಕ್ಸನ್ ತಡೆಹಿಡಿದರು, ಅದಕ್ಕಾಗಿಯೇ 1974ರ ಕಾಯ್ದೆ ಹುಟ್ಟಿತು. ಅದರ ಪ್ರಕಾರ ಅಧ್ಯಕ್ಷರು ರದ್ದತಿ ಕೋರಬಹುದು. 45 ದಿನಗಳೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಹಣ ಬಿಡಬೇಕು. 2025ರ ಜುಲೈನಲ್ಲಿ ವಿದೇಶಿ ನೆರವು ಮತ್ತು ಸಾರ್ವಜನಿಕ ಪ್ರಸಾರಕ್ಕೆ ಸೇರಿದ 900 ಕೋಟಿ ಡಾಲರನ್ನು ಕಾಂಗ್ರೆಸ್ ಹೀಗೆ ರದ್ದು ಮಾಡಿತು, ಅದರಲ್ಲಿ ತಕರಾರಿಲ್ಲ. ಆಗಸ್ಟ್‌ನಲ್ಲಿ ಇನ್ನೂ 490 ಕೋಟಿಗೆ ಕೋರಿಕೆ ಬಂದಾಗ ಹಣಕಾಸು ವರ್ಷಕ್ಕೆ 45 ದಿನವೇ ಉಳಿದಿರಲಿಲ್ಲ. ಕಾಂಗ್ರೆಸ್ ಏನೂ ಹೇಳದಿದ್ದರೂ ಸೆಪ್ಟೆಂಬರ್ 30ಕ್ಕೆ ಆ ಮಂಜೂರಾತಿ ಸಾಯುತ್ತದೆ ಎಂಬುದೇ ಉಪಾಯ. ಕಾಂಗ್ರೆಸ್‌ನ ಲೆಕ್ಕಪರಿಶೋಧನಾ ಕಚೇರಿಯ ಪ್ರಕಾರ ಇದು ಕಾನೂನುಬಾಹಿರ; ಸುಪ್ರೀಂ ಕೋರ್ಟ್ ಸೆಪ್ಟೆಂಬರ್ ಕೊನೆಯಲ್ಲಿ ಮಧ್ಯಂತರ ಆದೇಶದ ಮೂಲಕ ತಡೆಹಿಡಿಯಲು ಬಿಟ್ಟಿತು. ನನಗೆ ಇದು ಶಟ್‌ಡೌನ್‌ಗಿಂತ ದೊಡ್ಡ ವಿಷಯವಾಗಿ ಕಾಣುತ್ತದೆ. ಇಂದು ರಾಜಿ ಮಾಡಿಕೊಂಡ ಹಣವನ್ನು ನಾಳೆ ಅಧ್ಯಕ್ಷರು ಒಬ್ಬರೇ ಅಳಿಸಬಹುದಾದರೆ, ವಿರೋಧ ಪಕ್ಷ ಯಾವ ನಂಬಿಕೆಯ ಮೇಲೆ ಆ ಮಸೂದೆಗೆ ಮತ ಹಾಕೀತು?

ಈ ಬಜೆಟ್ ಎಂದಾದರೂ ಸರಿದೂಗಿದ್ದುಂಟೇ?

1998ರಿಂದ 2001ರವರೆಗೆ ನಾಲ್ಕು ವರ್ಷ ಸತತವಾಗಿ ಉಳಿತಾಯವಿತ್ತು; 2000ದಲ್ಲಿ 23,600 ಕೋಟಿ ಡಾಲರ್. ಕ್ಲಿಂಟನ್ ಅದರ ಕೀರ್ತಿ ಪಡೆದರು, ಗಿಂಗ್ರಿಚ್ ಕೂಡ ತಮ್ಮದೆಂದರು. ಇಬ್ಬರಿಗೂ ಮುಂಚೆ ಹಿರಿಯ ಜಾರ್ಜ್ ಬುಷ್, ಹೊಸ ತೆರಿಗೆ ಇಲ್ಲ ಎಂದು 1988ರಲ್ಲಿ ಕೊಟ್ಟ ಮಾತನ್ನು 1990ರಲ್ಲಿ ಮುರಿದು ತೆರಿಗೆ ಏರಿಸಿದ್ದರು, 1992ರಲ್ಲಿ ಸೋತರು. 1993ರ ಕ್ಲಿಂಟನ್ ತೆರಿಗೆ ಮಸೂದೆ ಪಾಸಾದದ್ದು ಉಪಾಧ್ಯಕ್ಷ ಅಲ್ ಗೋರ್ ಅವರ ಒಂದು ಮತದಿಂದ, ಮರುವರ್ಷ ಡೆಮಾಕ್ರಟರು ಎರಡೂ ಸದನ ಕಳೆದುಕೊಂಡರು. ಜೊತೆಗೆ ಕಂಪ್ಯೂಟರ್ ಉದ್ಯಮದ ಏರುಗಾಲ, ಶೀತಲ ಸಮರ ಮುಗಿದು ಇಳಿದ ಸೈನ್ಯದ ಖರ್ಚು. ಆಮೇಲೆ ಬಂದ ತೆರಿಗೆ ಕಡಿತ, ಎರಡು ಯುದ್ಧ, 2008ರ ಕುಸಿತ, ಕೋವಿಡ್ ಇವು ಆ ಉಳಿತಾಯವನ್ನು ನುಂಗಿದವು.

ಕೊನೆಯದಾಗಿ, ಶಟ್‌ಡೌನ್ ಸಮಯದಲ್ಲಿ ಸಂಸದರಿಗೂ ಸಂಬಳ ನಿಲ್ಲುತ್ತದೆಯೇ?

ಮಾವ ಮೊದಲು ಕೇಳಿದ್ದೇ ಇದನ್ನು. ನಿಲ್ಲುವುದಿಲ್ಲ. ಅವರ ಸಂಬಳ 1980ರ ದಶಕದಿಂದ ಶಾಶ್ವತ ಮಂಜೂರಾತಿಯಲ್ಲಿದೆ, ವಾರ್ಷಿಕ ಮಸೂದೆಯನ್ನು ಕಾಯಬೇಕಿಲ್ಲ. ಸದನದ ಹೊರಗೆ ನಿಂತ ಕಾವಲು ಪೊಲೀಸರ ಸಂಬಳ ಕಾಯಬೇಕು.